ಹುಳ ಹಣ್ಣಾಗುವ ತನಕ

ಟೆನ್ಷನ್ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗ ಹೇಸಿಗೆಯಾಗುತ್ತದೆ. ಹಳಸಿದ ಸಾರಿನ ಪಾತ್ರೆಯ ಮುಚ್ಚಳ ತೆಗೆದಾಗ ಆಗುತ್ತದಲ್ಲ, ಹಾಗೆ. ನಮ್ಮ ಶಿಡ್ಲಘಟ್ಟದ ಕಡೆ ಈ ಮಾತು ಹೊಕ್ಕದ ಮನೆಯಿಲ್ಲ. ಬಸ್ಸು ತಡವಾದರೆ ಕಂಡಕ್ಟರಿಗೆ ಟೆನ್ಷನ್, ಹಾಲು ಕಮ್ಮಿ ಕರೆದರೆ ಹಸುವಿಗೆ ಟೆನ್ಷನ್, ಮದುವೆಯಾಗಿ ವರ್ಷ ತುಂಬಿದರೂ ಬಸುರಾಗದಿದ್ದರೆ ಸೊಸೆಗೆ ಟೆನ್ಷನ್. ತಲೆನೋವು, ಕೂದಲು ಉದುರುವುದು, ಗಂಡ ಕುಡಿದು ಬರುವುದು, ಮಗ ಫೇಲಾಗುವುದು, ಎಲ್ಲಕ್ಕೂ ಇದೊಂದೇ ಹೆಸರು. ಹೆಸರಿಟ್ಟ ಮೇಲೆ ಮುಗಿಯಿತು, ಇನ್ನು ಯಾರೂ ಏನೂ ಮಾಡಬೇಕಾಗಿಲ್ಲ. ಇದಕ್ಕಿಂತ ರೇಜಿಗೆ ಹುಟ್ಟಿಸುವುದು ಆ ಮಾತಿನ ಹಿಂದೆಯೇ ಬರುವ ಬುದ್ಧಿವಾದ. "ಟೆನ್ಷನ್ ತಗೋಬೇಡಿ." ತಗೊಳ್ಳುವುದಕ್ಕೆ ಅದೇನು ತಟ್ಟೆಯಲ್ಲಿಟ್ಟು ಕೊಡುವ ಎಲೆ ಅಡಿಕೆಯೇ? ನಾನು ಗಮನಿಸಿ ನೋಡಿದ್ದೇನೆ. ಹಾಗೆ ಹೇಳುವವರು ಬಹುಪಾಲು ಆ ಟೆನ್ಷನ್ ತಂದುಕೊಟ್ಟವರೇ ಆಗಿರುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಶಾಲೆ ಶಿಡ್ಲಘಟ್ಟದಲ್ಲಿ, ಮನೆ ಜಂಗಮಕೋಟೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಗಂಡನ ಮನೆಯವರು ಮೊದಲಿನಿಂದ ಜಮೀನಿದ್ದವರು. ಹಿಪ್ಪುನೇರಳೆ ತೋಟ, ಅದರ ಸೊಪ್ಪು ತಿನ್ನುವ ರೇಷ್ಮೆ ಹುಳ, ಕೊಟ್ಟಿಗೆಯಲ್ಲಿ ಸೀಮೆ ಹಸು. ಮನೆಯಲ್ಲಿ ನಾವು ಅತ್ತೆ, ನನ್ನ ಗಂಡ, ನಾನು, ಹತ್ತನೇ ಕ್ಲಾಸಿನ ಮಗಳು, ಇಷ್ಟೇ ಜನ. ಹುಳಗಳನ್ನು ಲೆಕ್ಕಕ್ಕೆ ಸೇರಿಸಿದರೆ ಸಾವಿರಾರು. ಸೇರಿಸಲೇಬೇಕು, ಏಕೆಂದರೆ ಮನೆ ನಡೆಯುವುದು ಅವುಗಳ ಮರ್ಜಿಯ ಮೇಲೆ.

ಹುಳ ಸಾಕುವ ಮನೆಗಳಲ್ಲಿ ಕಟ್ಟುನಿಟ್ಟು ಇದ್ದದ್ದೇ. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಕಾಲು ತೊಳೆದೇ ಒಳಗೆ ಹೋಗಬೇಕು. ಸೆಂಟು, ಊದುಬತ್ತಿ, ಬೀಡಿ, ಹೊಗೆಸೊಪ್ಪು ಯಾವುದರ ವಾಸನೆಯೂ ತಾಗಕೂಡದು. ಇದಕ್ಕೆಲ್ಲ ಅರ್ಥವಿದೆ, ನಾನೇ ಮಕ್ಕಳಿಗೆ ಪಾಠದಲ್ಲಿ ಹೇಳುತ್ತೇನೆ. ಹುಳ ನಾಜೂಕಿನ ಪ್ರಾಣಿ, ರೋಗ ಬೇಗ ತಗಲುತ್ತದೆ, ಒಂದಕ್ಕೆ ತಗಲಿದರೆ ಬೆಳೆಗೆ ಬೆಳೆಯೇ ಹಾಳು. ಆದರೆ ನಮ್ಮ ಮನೆಯಲ್ಲಿ ಇವೆಲ್ಲದರ ಮೇಲೆ ಇನ್ನೊಂದು ಕಟ್ಟಳೆ ಇತ್ತು. ಹುಳ ಇರುವಷ್ಟು ದಿನ ಮನೆಯಲ್ಲಿ ಯಾರೂ ದನಿ ಎತ್ತಬಾರದು. ಜಗಳ ಕೂಡದು, ಅಳು ಕೂಡದು, ಕೆಟ್ಟ ಸುದ್ದಿಯನ್ನು ಬಾಯಿಬಿಟ್ಟು ಹೇಳಕೂಡದು. ಅತ್ತೆಯ ಅತ್ತೆಯ ಕಾಲದಲ್ಲಿ ಯಾವುದೋ ವಾರಗಿತ್ತಿಯರ ಜಗಳ ಬೀದಿಗೆ ಬಂದ ಮಾರನೆಯ ದಿನವೇ ಹುಳಕ್ಕೆ ಹಾಲುತೊಂಡೆ ರೋಗ ಬಿತ್ತಂತೆ. ಅಂದಿನಿಂದ ಇದು ನಡೆದುಬಂದಿದೆ.

ಮದುವೆಯಾದ ಹೊಸತರಲ್ಲಿ ನಾನು ನಕ್ಕಿದ್ದೆ. "ಹುಳಕ್ಕೆ ಕಿವಿ ಇಲ್ಲ ಅತ್ತೆ" ಎಂದು ವಿಜ್ಞಾನದ ಮೇಡಮ್ಮಿನ ಗತ್ತಿನಲ್ಲಿ ಹೇಳಿದ್ದೆ.

ಅತ್ತೆ ಸೊಪ್ಪು ಹೆಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಇಲ್ದೇ ಇರಬೋದು ಕಣಮ್ಮ. ನಮಗಿದೆಯಲ್ಲ" ಎಂದರು.

ಆಗಲಾದರೂ ಒಂದು ಬಿಡುವಿತ್ತು. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿದ ಮೇಲೆ ಹುಳದ ಮನೆಯನ್ನು ತೊಳೆದು, ಸುಣ್ಣ ಹೊಡೆದು, ಮುಂದಿನ ಮೊಟ್ಟೆ ತರುವ ತನಕ ಒಂದಷ್ಟು ದಿನ ಖಾಲಿ ಬಿಡುತ್ತಿದ್ದರು. ಆ ದಿನಗಳಲ್ಲಿ ನಮ್ಮ ಬೀದಿಯ ಚಂದ ನೋಡಬೇಕಿತ್ತು. ಕೂಡಿಟ್ಟದ್ದೆಲ್ಲ ಹೊರಗೆ ಬೀಳುತ್ತಿತ್ತು. ನಾನೂ ಅತ್ತೆಯೂ ಒಗೆಯುವ ಕಲ್ಲಿನ ಹತ್ತಿರ ನಿಂತು ಒಂದು ಬೆಳೆಯ ಬಾಕಿಯನ್ನೆಲ್ಲ ತೀರಿಸಿಕೊಳ್ಳುತ್ತಿದ್ದೆವು. ಅವರು ನನ್ನ ತವರನ್ನು ಎತ್ತಿ ಆಡುವರು, ನಾನು ಅವರ ಮಗನ ಸೋಮಾರಿತನವನ್ನು ಎಳೆದು ತರುವೆನು. ಸಂಜೆಗೆ ಇಬ್ಬರೂ ಗಂಟಲು ಕಟ್ಟಿಕೊಂಡು ಒಂದೇ ಪಾತ್ರೆಯಿಂದ ಬಿಸಿನೀರು ಕುಡಿಯುತ್ತಿದ್ದೆವು. ಆ ದಿನಗಳಲ್ಲಿ ನನಗೆ ನಿದ್ದೆ ಎಷ್ಟು ಚೆನ್ನಾಗಿ ಬರುತ್ತಿತ್ತು ಎನ್ನುವುದು ಈಗ ನೆನಪಾಗುತ್ತದೆ.

ಆಮೇಲೆ ಚಾಕಿ ಬಂತು. ಮೊಟ್ಟೆಯಿಂದ ಮರಿ ಮಾಡಿಸಿ, ಮೊದಲ ಎರಡು ಜ್ವರ ದಾಟಿಸಿ, ಹುಳವನ್ನು ತಟ್ಟೆಯಲ್ಲಿ ತುಂಬಿ ಕೊಡುವ ಕೇಂದ್ರಗಳು. ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಎದ್ದ ಮೇಲೆ ಹುಳ ಹಗಲಿರುಳು ಮೇದು, ಕಡೆಗೆ ಮೇವು ಬಿಟ್ಟು, ಮೈ ಹೊಳೆಯುವಂತಾಗಿ ಹಣ್ಣಾಗುತ್ತದೆ. ಚಾಕಿ ಹುಳ ತಂದರೆ ಅರ್ಧ ಕೆಲಸ ಉಳಿಯಿತು. ನನ್ನ ಗಂಡ ಇನ್ನೊಂದು ಶೆಡ್ಡು ಕಟ್ಟಿಸಿದರು. ಇಲ್ಲಿ ಹುಳ ಹಣ್ಣಾಗುವಷ್ಟರಲ್ಲಿ ಅಲ್ಲಿ ಚಾಕಿ ಬಂದಿಳಿದಿರುತ್ತಿತ್ತು. ಬೆಳೆ ಹೆಚ್ಚಿತು, ಎಲ್ಲರೂ ಮೆಚ್ಚಿದರು. ಆದರೆ ಖಾಲಿ ದಿನಗಳು ಹೋದವು ಎನ್ನುವುದನ್ನು ಯಾರೂ ಹೇಳಲಿಲ್ಲ. ಮನೆಯಲ್ಲಿ ಹುಳ ಇಲ್ಲದ ದಿನವೇ ಇಲ್ಲವಾಯಿತು. ಕಟ್ಟಳೆ ಮಾತ್ರ ಹಾಗೆಯೇ ಉಳಿಯಿತು. ಹೀಗೆ ನಮ್ಮ ಮನೆಯಲ್ಲಿ ಜಗಳ ನಿಂತೇ ಹೋಯಿತು, ಊರಿನವರು ನಮ್ಮನ್ನು ನೋಡಿ ಕಲಿಯಬೇಕು ಎಂದು ಹೊಗಳತೊಡಗಿದರು. ಆ ಹೊಗಳಿಕೆ ಕೇಳುವಾಗ ನನಗೆ ಉಗಿಯಬೇಕೆನಿಸುತ್ತಿತ್ತು.

ನನ್ನ ದವಡೆ ಹಿಡಿದುಕೊಂಡದ್ದು ಹೀಗೆ ಎರಡು ಮೂರು ವರ್ಷ ಕಳೆದ ಮೇಲೆ. ಯಾವಾಗ ಶುರುವಾಯಿತೋ ಗೊತ್ತಿಲ್ಲ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ಚಿಕ್ಕ ಚಿಕ್ಕ ತುತ್ತು ಮಾಡಿ ತುಟಿಯ ಸಂದಿನಲ್ಲಿ ತಳ್ಳಿಕೊಂಡರೆ ಮುಗಿಯಿತು. ಹೀಗಾಗಿ ಬಾಯಿ ಪೂರ್ತಿ ತೆರೆಯದ ಹೆಂಗಸೊಬ್ಬಳು ಎದುರಿಗೇ ಕೂತು ಉಣ್ಣುತ್ತಿದ್ದರೂ ಮನೆಯವರಿಗೆ ತಿಳಿಯಲಿಲ್ಲ. ನನಗೇ ತಿಳಿದದ್ದು ಶಾಲೆಯಲ್ಲಿ. ಜೊತೆಯ ಟೀಚರೊಬ್ಬರು ಮನೆಯಲ್ಲಿ ಮಾಡಿದ ಕೋಡುಬಳೆ ತಂದಿದ್ದರು. ಕಚ್ಚಲು ಹೋದೆ, ಬಾಯಿ ತೆರೆಯಲಿಲ್ಲ. ಕಿವಿಯ ಮುಂದೆ ಟಕ್ಕೆಂದು ಶಬ್ದವಾಗಿ ನೋವು ನೆತ್ತಿಗೇರಿತು. ಕೋಡುಬಳೆಯನ್ನು ಮುರಿದು ಚೂರು ಚೂರಾಗಿ ಬಾಯಿಗೆ ಹಾಕಿಕೊಂಡೆ. "ಏನ್ ಮೇಡಂ, ಹಲ್ಲಿಲ್ದಿರೋ ಅಜ್ಜಿ ಥರ" ಎಂದು ಅವರು ನಕ್ಕರು, ನಾನೂ ನಗಲು ನೋಡಿದೆ. ಅದಕ್ಕೂ ಬಾಯಿ ತೆರೆಯಲಿಲ್ಲ.

ಚಿಂತಾಮಣಿಯಲ್ಲಿ ಹಲ್ಲಿನ ಡಾಕ್ಟರೊಬ್ಬರನ್ನು ನೋಡಿದೆ. ಚಿಕ್ಕ ವಯಸ್ಸಿನ ಹುಡುಗಿ.

"ಬಾಯಿ ಬಿಡಿ ಮೇಡಂ."

"ಬಿಟ್ಟಿದ್ದೀನಿ."

"ಇಷ್ಟೇನಾ?" ಅವಳು ನನ್ನ ಕೆನ್ನೆಯ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡಿ, ಕಲ್ಲಾಗಿದೆ. ಹಲ್ಲಿನ ತುದಿ ಎಲ್ಲಾ ಸವೆದಿದೆ. ನಿದ್ದೇಲಿ ಹಲ್ಲು ಕಡೀತೀರ?"

"ಗೊತ್ತಿಲ್ಲಮ್ಮ."

"ಎಚ್ಚರ ಇರುವಾಗ್ಲೂ ಕಚ್ಕೊಂಡೇ ಇದೀರ. ಈಗ್ಲೂ ಕಚ್ಕೊಂಡಿದೀರ. ಸುಮ್ನೆ ಇರುವಾಗ ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗಬಾರ್ದು ಮೇಡಂ."

ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗಬಾರದು ಎಂದು ಈ ವಯಸ್ಸಿನ ತನಕ ನನಗೆ ಯಾರೂ ಹೇಳಿರಲಿಲ್ಲ. ಎಲ್ಲರ ಬಾಯಿಯೂ ಹೀಗೆಯೇ ಬಿಗಿದಿರುತ್ತದೆ ಎಂದುಕೊಂಡಿದ್ದೆ. ಹುಡುಗಿ ನಾನು ಮಲಗುವಾಗ ಹಲ್ಲಿಗೆ ಹಾಕಿಕೊಳ್ಳಲು ಒಂದು ಪ್ಲಾಸ್ಟಿಕ್ ಪ್ಲೇಟು ಮಾಡಿಕೊಟ್ಟಳು. ಅಷ್ಟು ಹೊತ್ತಿಗೆ ಅವಳ ಮೇಲೆ ನನಗೆ ಪ್ರೀತಿಯೇ ಹುಟ್ಟಿತ್ತು. ಎದ್ದು ಹೊರಡುವಾಗ ಅವಳೂ ಅಂದಳು, "ಟೆನ್ಷನ್ ಕಮ್ಮಿ ಮಾಡ್ಕೊಳಿ ಮೇಡಂ."

ಅಂದು ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಅತ್ತೆಯ ಬಾಯಿಯನ್ನೇ ನೋಡುತ್ತಿದ್ದೆ. ಏನೋ ಮಾತಿಗೆ ಅವರು ನಕ್ಕರು. ಮೇಲಿನ ಹಲ್ಲುಗಳೆಲ್ಲ ಒಂದೇ ಸಮ ಚಪ್ಪಟೆಯಾಗಿ, ಅರ್ಧಕ್ಕರ್ಧ ಸವೆದುಹೋಗಿದ್ದವು. ಮದುವೆಯಾದಂದಿನಿಂದ ಆ ಹಲ್ಲು ನೋಡಿದ್ದೇನೆ, ವಯಸ್ಸಾದವರ ಹಲ್ಲು ಎಂದುಕೊಂಡಿದ್ದೆ. ನನಗೆ ಪಾಪ ಎನಿಸಬೇಕಾಗಿತ್ತೇನೋ. ಎನಿಸಲಿಲ್ಲ. ತನ್ನ ಹಲ್ಲು ಹೀಗೆ ತೇದು ಹೋದ ಹೆಂಗಸು, ಅದೇ ಕಟ್ಟಳೆಯನ್ನು ನನಗೂ ದಾಟಿಸಿ ಸುಮ್ಮನೆ ನಗುತ್ತಿದ್ದಾರಲ್ಲ ಎಂದು ತಟ್ಟೆಯಲ್ಲಿದ್ದ ಅನ್ನ ಸೇರಲಿಲ್ಲ.

ನನ್ನ ಗಂಡ ಒಳ್ಳೆಯವರು. ಇದನ್ನು ಊರವರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಹಲ್ಲಿನ ಪ್ಲೇಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಯಾಕೆ ಅಷ್ಟೊಂದು ಟೆನ್ಷನ್ ಮಾಡ್ಕೋತೀಯ ಕಣೇ? ಏನಾದ್ರೂ ಇದ್ರೆ ಹೇಳು" ಎಂದರು. ನಾನು ಹೇಳಲು ಬಾಯಿ ತೆರೆದೆ. "ಈಗ ಬೇಡ, ಮೂರನೇ ಜ್ವರ ಎದ್ದಿವೆ. ಗೂಡಾಗಲಿ, ಆಮೇಲೆ ಕೂತ್ಕೊಂಡು ಮಾತಾಡಣ" ಎಂದು ಪ್ಲೇಟನ್ನು ವಾಪಸು ಕೊಟ್ಟರು. ಗೂಡಾಯಿತು. ಆ ಹೊತ್ತಿಗೆ ಇನ್ನೊಂದು ಶೆಡ್ಡಿನಲ್ಲಿ ಮೂರನೇ ಜ್ವರ ಎದ್ದಿದ್ದವು.

ಅತ್ತೆ ಮುರುಗಮಲ್ಲದ ದರ್ಗಾಕ್ಕೆ ಕರೆದುಕೊಂಡು ಹೋಗಿ ನನ್ನ ತೋಳಿಗೊಂದು ತಾಯತ ಕಟ್ಟಿಸಿದರು. ಮಂಚೇನಹಳ್ಳಿಯ ನೆಂಟರೊಬ್ಬರು ಎಳ್ಳೆಣ್ಣೆ ತಿಕ್ಕಲು ಹೇಳಿದರು. ಇವುಗಳ ಬಗ್ಗೆ ನನಗೆ ದೂರಿಲ್ಲ, ತಾಯತ ಕನಿಷ್ಠ ಬುದ್ಧಿವಾದ ಹೇಳುವುದಿಲ್ಲ. ದೂರಿರುವುದು ಗೌರಿಬಿದನೂರಿನಲ್ಲಿ ಟೀಚರುಗಳನ್ನೆಲ್ಲ ಗುಡ್ಡೆ ಹಾಕಿ ನಡೆಸಿದ ಒತ್ತಡ ನಿರ್ವಹಣೆಯ ತರಬೇತಿಯ ಬಗ್ಗೆ. ಬೆಳಗ್ಗೆ ಎರಡು ಬಸ್ಸು ಬದಲಿಸಿ, ಅರ್ಧ ದಾರಿ ನಿಂತುಕೊಂಡೇ ಹೋಗಿದ್ದೆವು. ತಡವಾಗಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಎಲ್ಲರೆದುರು ಬೈದರು. ಬೈದು ಮುಗಿದ ಮೇಲೆ ಕಣ್ಣು ಮುಚ್ಚಿಸಿದರು. ಕೋಟು ಹಾಕಿದ್ದ ಮನುಷ್ಯ ವೇದಿಕೆಯ ಮೇಲೆ ನಿಂತು, ಮುಷ್ಟಿ ಬಿಗಿ ಮಾಡಿ, ಈಗ ಸಡಿಲ ಬಿಡಿ, ಟೆನ್ಷನ್ ಬೆರಳ ತುದಿಯಿಂದ ಹೊರಗೆ ಹರಿದು ಹೋಗುತ್ತಿದೆ ಎಂದು ಭಾವಿಸಿ ಎಂದರು. ನಾನು ಒಂದು ಕಣ್ಣು ತೆರೆದು ನೋಡಿದೆ. ಆ ಮನುಷ್ಯ ಮೊಬೈಲಿನಲ್ಲಿ ಬೆರಳಾಡಿಸುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಚಿಕ್ಕಬಳ್ಳಾಪುರದ ಟೀಚರಮ್ಮ ಮಾತ್ರ ಮುಷ್ಟಿ ಬಿಗಿ ಹಿಡಿದವರು ಬಿಡಲೇ ಇಲ್ಲ, ಕಣ್ಣು ಮುಚ್ಚಿಕೊಂಡೇ ಅಳುತ್ತಿದ್ದರು. ಅವರಿಗೆ ಯಾರೋ ನೀರಿನ ಬಾಟಲಿ ಕೊಟ್ಟು ಟೆನ್ಷನ್ ಮಾಡ್ಕೋಬೇಡಿ ಎಂದರು.

ಇಷ್ಟರಲ್ಲೇ ನಿಂತಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ದವಡೆ ಹಿಡಿದ ಹೆಂಗಸರು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇರಬಹುದು. ನಾನು ಹೇಳಬೇಕಾದದ್ದು ನನ್ನ ಮಗಳ ವಿಷಯ.

ಅವಳ ಪರೀಕ್ಷೆ ಹತ್ತಿರ ಬಂದಿತ್ತು. ಶೆಡ್ಡಿನಲ್ಲಿ ಹುಳ ನಾಲ್ಕನೇ ಜ್ವರ ಎದ್ದು ಮೇಯುತ್ತಿದ್ದವು, ಇಂದೋ ನಾಳೆಯೋ ಹಣ್ಣಾಗುವಂತಿದ್ದವು. ಶನಿವಾರ ಬೆಳಗ್ಗೆ ಹುಡುಗಿ ಹೊಟ್ಟೆ ನೋವು ಎಂದಳು. ಹೊಕ್ಕಳಿನ ಹತ್ತಿರ ಎಂದು ಕೈಯಿಟ್ಟು ತೋರಿಸಿದಳು. ತಿಂಡಿ ಬೇಡವೆಂದಳು. ನನ್ನ ಗಂಡ ಸೊಪ್ಪಿನ ಹೊರೆ ಇಳಿಸುತ್ತ "ಎಗ್ಸಾಮ್ ಟೆನ್ಷನ್ ಅಷ್ಟೇ" ಎಂದರು. ಅತ್ತೆ ಜೀರಿಗೆ ಕುದಿಸಿ ಕೊಟ್ಟು "ಏಮೀ ಕಾದು ಬಿಡಮ್ಮ, ಏನೂ ಆಗಲ್ಲ, ಬುಕ್ಕು ಮುಚ್ಚಿಟ್ಟು ಮಲ್ಕೋ" ಎಂದು ತಲೆ ಸವರಿದರು. ನನಗೆ ಶನಿವಾರದ ಶಾಲೆ. ಮಧ್ಯಾಹ್ನ ಬಂದು ನೋಡಿದಾಗ ಮಲಗಿದ್ದಳು. ಒಂದು ಸಲ ವಾಂತಿಯಾಯಿತಂತೆ. ಈಗ ಹೇಗಿದೆ ಎಂದು ಕೇಳಿದರೆ ಪರವಾಗಿಲ್ಲ ಎಂದಳು. ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡಿದೆ, ಸ್ವಲ್ಪ ಬಿಸಿ ಇತ್ತು. ಆಸ್ಪತ್ರೆಗೆ ಹೋಗೋಣವೇ ಎಂದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ನಾಳೆ ಹಣ್ಣಾಗ್ತವಮ್ಮ. ಇವತ್ತು ಹೋಗಿ ಆಸ್ಪತ್ರೆ ವಾಸನೆ ಮನೆಗೆ ತರಬೇಡಿ. ಅದೇ ಡೆಟಾಲು, ಅದೇ ಫಿನಾಯಿಲು. ಸೋಮವಾರ ಹೋದ್ರಾಯ್ತು."

"ಬೇಡ ಅಮ್ಮ, ಸೋಮವಾರ ಹೋಗಣ" ಎಂದು ಮಗಳೇ ಅಂದಳು.

ಭಾನುವಾರ ಹೊತ್ತು ಏರುವಷ್ಟರಲ್ಲಿ ಹುಳ ಒಟ್ಟಿಗೇ ಹಣ್ಣಾದವು. ಹಣ್ಣಾದ ಹುಳ ಕಾಯುವುದಿಲ್ಲ. ಹೆಕ್ಕಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟಲು ಬಿದಿರಿನಲ್ಲಿ ಸುತ್ತು ಸುತ್ತಾಗಿ ಹೆಣೆದ ದೊಡ್ಡ ತಟ್ಟೆ. ತಡವಾದರೆ ನೂಲನ್ನು ಎಲ್ಲೆಂದರಲ್ಲಿ ಉಗಿದು ಹಾಳು ಮಾಡುತ್ತವೆ. ಕೂಲಿಯ ಹೆಂಗಸರು ಬಂದರು, ನನ್ನ ಗಂಡ, ಅತ್ತೆ ಎಲ್ಲರೂ ಶೆಡ್ಡು ಸೇರಿದರು. ನಾನು ಮುದ್ದೆಗೆ ನೀರಿಟ್ಟು ಮಗಳ ಕೋಣೆಗೆ ಹೋದೆ.

ಅವಳು ಗೋಡೆಯ ಕಡೆ ತಿರುಗಿ, ಬಲಗಾಲನ್ನು ಹೊಟ್ಟೆಗೆ ಮಡಿಸಿಕೊಂಡು ಮಲಗಿದ್ದಳು. ಮೈ ಸುಡುತ್ತಿತ್ತು. ದುಪಟ್ಟಾದ ತುದಿಯನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಎಳೆದು ತೆಗೆದೆ. ಬಟ್ಟೆ ಒದ್ದೆಯಾಗಿ ಅದರ ತುಂಬ ಹಲ್ಲಿನ ಗುರುತು. ಕೆಲವು ಕಡೆ ತೂತೇ ಬಿದ್ದಿತ್ತು. ಇದು ಒಂದು ಗಳಿಗೆಯಲ್ಲಿ ಆಗುವ ತೂತಲ್ಲ.

"ಎಲ್ಲಿ ನೋವು?"

ಬಲಗಡೆ ಕೆಳಗೆ ಕೈ ತೋರಿಸಿದಳು. ಮುಟ್ಟಲು ಹೋದೆ, ಕೈ ಹಿಡಿದುಕೊಂಡಳು. ಬಾಯಲ್ಲಿ ಸದ್ದಿಲ್ಲ. ಅವಳ ಕೆನ್ನೆಯಲ್ಲಿ, ಕಿವಿಯ ಮುಂದೆ, ಒಂದು ಗಂಟು ಎದ್ದು ಇಳಿಯುತ್ತಿತ್ತು. ಚಿಂತಾಮಣಿಯ ಹುಡುಗಿ ಬೆರಳಿಟ್ಟ ಜಾಗವದು. ನನ್ನ ಮುಖವನ್ನೇ ಕನ್ನಡಿಯಲ್ಲಿ ನೋಡಿದಂತಾಯಿತು, ಅತ್ತೆಯ ಹಲ್ಲು ನೆನಪಾಯಿತು. ನಮ್ಮ ಮೂವರ ಮೇಲೂ, ಈ ಮನೆಯ ಮೇಲೂ, ಹುಳದ ಮೇಲೂ, ಕುದಿಯಲು ಇಟ್ಟಿದ್ದ ಆ ಎಸರಿನ ಮೇಲೂ ಅಸಹ್ಯ ಹುಟ್ಟಿತು.

ಶೆಡ್ಡಿಗೆ ಹೋದೆ. ಕಾಲು ತೊಳೆಯಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ. ನನ್ನ ಗಂಡ ನನ್ನ ಮುಖಕ್ಕಿಂತ ಮೊದಲು ಚಪ್ಪಲಿ ನೋಡಿದರು.

"ಈಗಲೇ ಆಸ್ಪತ್ರೆಗೆ ಹೋಗ್ಬೇಕು, ಬನ್ನಿ" ಎಂದೆ.

"ಮೆಲ್ಲಗೆ ಕಣೇ. ಸಾಯಂಕಾಲ ಹೋಗಣ. ಇದಿಷ್ಟು ಚಂದ್ರಿಕೆಗೆ ಬಿಟ್ಬಿಟ್ರೆ ಆಯ್ತು. ಟೆನ್ಷನ್ ಮಾಡ್ಕೋಬೇಡ."

ಆಗ ನಾನು ಕೂಗಿದೆ. ಎಷ್ಟು ಜೋರಾಗಿ ಕೂಗಿದೆನೆಂದರೆ ದವಡೆ ಎರಡೂ ಕಡೆ ಟಕ್ ಟಕ್ ಎಂದಿತು. ಏನು ಕೂಗಿದೆ ಎನ್ನುವುದು ಪೂರ್ತಿ ನೆನಪಿಲ್ಲ. ನಿಮ್ಮ ಹುಳಕ್ಕೆ ಬೆಂಕಿ ಬೀಳಲಿ ಎಂದದ್ದು ನೆನಪಿದೆ, ಯಾಕೆಂದರೆ ಕೂಲಿಯ ಹೆಂಗಸರೆಲ್ಲ ಒಟ್ಟಿಗೇ ಕೈ ನಿಲ್ಲಿಸಿದ್ದು ಆಗಲೇ. ಅತ್ತೆ ನನ್ನನ್ನು ನೋಡಲಿಲ್ಲ. ಅವರು ಹುಳಗಳನ್ನು ನೋಡಿದರು. ಈಗ ಇವುಗಳಿಗೆ ಏನಾಗಿಬಿಡುತ್ತದೋ ಎಂದು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ನಾನೂ ನೋಡಿದೆ. ಹಣ್ಣಾದ ಹುಳ ಗೂಡು ಕಟ್ಟಲು ಜಾಗ ಹುಡುಕುತ್ತ ತಲೆ ಎತ್ತಿ ಆ ಕಡೆ ಈ ಕಡೆ ತೂಗುತ್ತದೆ. ಅದನ್ನೇ ಮಾಡುತ್ತಿದ್ದವು. ಒಂದೂ ಕ್ಯಾರೆ ಅನ್ನಲಿಲ್ಲ.

ರಸ್ತೆಗೆ ಓಡಿ ಆಟೊ ನಿಲ್ಲಿಸಿದೆ. ಹುಡುಗಿಯನ್ನು ಎತ್ತಿ ಕೂರಿಸಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ನಡೆಯಪ್ಪ ಎಂದೆ. ದಾರಿಯುದ್ದಕ್ಕೂ ಗುಂಡಿ. ಪ್ರತಿ ಗುಂಡಿಗೂ ಅವಳು ನನ್ನ ತೊಡೆಯನ್ನು ಉಗುರು ಇಳಿಯುವಂತೆ ಹಿಡಿಯುತ್ತಿದ್ದಳು. "ಕೂಗು ಕಣೇ, ಇಲ್ಲಿ ಯಾರೂ ಇಲ್ಲ" ಎಂದೆ. ಆಟೊದವನು ಹಿಂತಿರುಗಿ ನೋಡಿದ. ಅವಳು ತಲೆ ಅಡ್ಡಡ್ಡ ಆಡಿಸಿದಳು.

ಡಾಕ್ಟರು ನಡುವಯಸ್ಸಿನವರು, ಹೆಚ್ಚು ಮಾತಿಲ್ಲ. ಅವಳನ್ನು ಮಲಗಿಸಿ ಹೊಟ್ಟೆಯ ಮೇಲೆ ಅಂಗೈ ಇಟ್ಟರು. ಮೆಲ್ಲಗೆ ಒತ್ತಿದರು. ಹೊಟ್ಟೆ ಒಳಕ್ಕೆ ಹೋಗಲಿಲ್ಲ.

"ಎಗ್ಸಾಮ್ ಟೆನ್ಷನ್ ಅಂದ್ಕೊಂಡಿದ್ವಿ ಸಾರ್" ಎಂದೆ. ನನ್ನ ಬಾಯಲ್ಲೂ ಅದೇ ಮಾತು ಬಂತು.

"ಟೆನ್ಷನ್ನೇ ಇದು" ಎಂದರು ಅವರು, ಕೈ ತೆಗೆಯದೆ. "ಮುಟ್ಟಿ ನೋಡಿ, ಹಲಗೆ ಥರ ಇದೆ. ಇದನ್ನ ಅವಳು ಬೇಕು ಅಂತ ಬಿಗಿ ಹಿಡ್ಕೊಂಡಿಲ್ಲ. ಸಡಿಲ ಬಿಡು ಅಂದ್ರೂ ಬಿಡಕ್ಕಾಗಲ್ಲ. ಒಳಗೆ ಏನೋ ಕೆಟ್ಟಿರುತ್ತೆ, ಅದಕ್ಕೆ ಪೆಟ್ಟು ಬೀಳಬಾರ್ದು ಅಂತ ಹೊಟ್ಟೆ ತಾನೇ ಗಟ್ಟಿಯಾಗಿ ಅಡ್ಡ ನಿಲ್ಲುತ್ತೆ. ಅಪೆಂಡಿಕ್ಸ್. ಒಡೆದಿರಬಹುದು. ನೋವು ಯಾವಾಗಿಂದ?"

"ನಿನ್ನೆ ಬೆಳಗ್ಗಿಂದ."

ಅವರು ಹುಡುಗಿಯ ಮುಖ ನೋಡಿದರು, ಆಮೇಲೆ ನನ್ನ ಮುಖ. "ಈ ನೋವಿಗೆ ದೊಡ್ಡ ಗಂಡಸರು ಮನೆಯೆಲ್ಲ ಕೇಳೋ ಹಾಗೆ ಅರಚ್ತಾರೆ. ಇವಳು ಕೂಗ್ಲಿಲ್ವಾ?"

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಇದೆ ಸಾರ್ ಎಂದು ಹೇಗೆ ಹೇಳುವುದು?

ಆಪರೇಷನ್ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಡಾಕ್ಟರು ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿತ್ತು. ಒಳಗೆ ಏನೋ ಕೆಟ್ಟಿರುತ್ತದೆ, ಮೈ ಅಡ್ಡ ನಿಲ್ಲುತ್ತದೆ. ಮೈಗೆ ಇಷ್ಟು ತಿಳಿಯುತ್ತದೆ. ಅದು ಕಾವಲು ನಿಂತು, ಇಲ್ಲಿ ನೋಡಿ, ಇಲ್ಲಿ ನೋಡಿ ಎಂದು ತೋರಿಸುತ್ತಿದ್ದರೆ, ನಾವು ಆ ಕಾವಲಿನವನನ್ನೇ ರೋಗ ಎಂದು ಬೈದು, ಎಣ್ಣೆ ತಿಕ್ಕಿ, ಪ್ಲೇಟು ಹಾಕಿ, ಮುಷ್ಟಿ ಸಡಿಲ ಬಿಡಲು ಹೇಳಿ ಕಳಿಸಲು ನೋಡುತ್ತೇವೆ. ಒಳಗೆ ಏನು ಕೆಟ್ಟಿದೆ ಎಂದು ಯಾರೂ ಕೈಯಿಟ್ಟು ನೋಡುವುದಿಲ್ಲ. ನನ್ನ ದವಡೆಗೆ ಅಷ್ಟು ಜನ ಅಷ್ಟೊಂದು ಹೇಳಿದರು, ಒಬ್ಬರಾದರೂ ಏನು ಮಾತನ್ನು ಕಚ್ಚಿ ಹಿಡಿದಿದ್ದೀಯ ಎಂದು ಕೇಳಿ, ಉತ್ತರಕ್ಕೆ ನಿಂತರೇ? ಕೇಳಿದ ಒಬ್ಬರು ಗೂಡಾಗಲಿ ಎಂದರು.

ಆ ಒಬ್ಬರು ಸಂಜೆಗೆ ಮುಂಚೆ ಬೈಕಿನಲ್ಲಿ ಬಂದರು. ಅಂಗಿಯ ತೋಳಿನ ಮೇಲೆ ಹುಳವೊಂದು ಬಿಟ್ಟ ನೂಲಿನ ಎಳೆ ಅಂಟಿಕೊಂಡಿತ್ತು. ಅಪೆಂಡಿಕ್ಸ್ ಒಡೆದಿತ್ತು, ಕೀವು ಹೊಟ್ಟೆಯೊಳಗೆ ಹರಡಿತ್ತು, ಸಾಯಂಕಾಲದ ತನಕ ಬಿಟ್ಟಿದ್ದರೆ ತಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಅವರೆದುರಿಗೇ ಹೇಳಿದರು. ಅವರು ಬೆಂಚಿನ ಮೇಲೆ ಕುಸಿದು ಕೂತು ನನ್ನ ಕೈ ಹಿಡಿಯಲು ಬಂದರು. ಆ ಕೈಗೆ ಹುಳದ ವಾಸನೆ ಇತ್ತು, ಹಸಿ ಸೊಪ್ಪು ಕೊಳೆತ ವಾಸನೆ. ಇಷ್ಟು ವರ್ಷ ಆ ವಾಸನೆಯಲ್ಲೇ ಉಂಡು ಮಲಗಿದವಳು ನಾನು, ಅಂದು ಕೈ ಎಳೆದುಕೊಂಡೆ. ಒಳ್ಳೆಯವರು ಅಳುತ್ತಿದ್ದರು. ಅಳುವಾಗಲೂ ದನಿ ಇರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅತ್ತೆ ಬಂದರು, ಆಸ್ಪತ್ರೆಯ ಗೇಟಿನ ತನಕ. ಒಳಗೆ ಬರಲಿಲ್ಲ. ಹುಳ ಇನ್ನೂ ನೂಲು ಬಿಡುತ್ತಿದ್ದವು, ಮನೆಗೆ ಹೋಗಿ ನೋಡಿಕೊಳ್ಳಬೇಕು, ವಾಸನೆ ತಾಗಬಾರದು. ವಾರ್ಡಿನ ಕಿಟಕಿಯಿಂದ ನನಗೆ ಕಾಣುತ್ತಿದ್ದರು. ಸೆರಗನ್ನು ಮೂಗಿಗೆ ಒತ್ತಿಕೊಂಡು, ಊಟದ ಬುಟ್ಟಿ ಹಿಡಿದು, ಬೇವಿನ ಮರದ ಕೆಳಗೆ ನಿಂತಿದ್ದರು. ಯಾರದೋ ಫೋನಿನಿಂದ ನನಗೆ ಫೋನು ಮಾಡಿದರು.

"ಮಗು ಹೆಂಗಿದೆಯಮ್ಮ?"

"ಇದೆ."

"ದೇವರು ದೊಡ್ಡೋನು. ನೀನು ಟೆನ್ಷನ್ ಮಾಡ್ಕೋಬೇಡ."

ನಾನು ಫೋನು ಕೆಳಗಿಟ್ಟೆ. ಬುಟ್ಟಿಯನ್ನು ನನ್ನ ಗಂಡ ಹೋಗಿ ತಂದರು, ನಾನು ಅದನ್ನು ಬಿಚ್ಚಲಿಲ್ಲ. ಪಕ್ಕದ ಹಾಸಿಗೆಯ ಮುದುಕಿಯ ಕಡೆಯವರಿಗೆ ಕೊಟ್ಟುಬಿಟ್ಟೆ. ಅವರು ಮುದ್ದೆ ಮುರಿಯುತ್ತ ಸಾರು ಬಹಳ ಚೆನ್ನಾಗಿದೆ ಎಂದರು. ಇರುತ್ತದೆ, ಅತ್ತೆಯ ಕೈಸಾರಿಗೆ ಹೆಸರಿದೆ.

ಮಗಳು ಎಚ್ಚರವಾಗಿ, ಮತ್ತೆ ಮಂಪರಿಗೆ ಜಾರಿ, ಮತ್ತೆ ಎಚ್ಚರವಾಗುತ್ತಿದ್ದಳು. ನರ್ಸಮ್ಮ ಬಂದು ಅವಳ ಬೆನ್ನಿಗೆ ಕೈ ಕೊಟ್ಟು ಸ್ವಲ್ಪ ಎತ್ತಿ ಕೂರಿಸಿದರು. ಎದೆಯಲ್ಲಿ ಕಫ ಕಟ್ಟಬಾರದು, ಕೆಮ್ಮು ಎಂದರು. ಅವಳು ತುಟಿ ಬಿಗಿದುಕೊಂಡು ಗಂಟಲಲ್ಲೇ ಏನೋ ಮಾಡಿದಳು.

"ಅದು ಕೆಮ್ಮಲ್ಲಮ್ಮ. ಬಾಯಿ ಬಿಟ್ಟು ಕೆಮ್ಮು. ನೋವಾದ್ರೆ ಕೂಗು, ಇಲ್ಲಿ ಯಾರೂ ಏನೂ ಅನ್ನಲ್ಲ" ಎಂದು ನರ್ಸಮ್ಮ ಗದರಿದರು. ಎದುರು ಸಾಲಿನಲ್ಲಿ ಕಾಲು ಮುರಿದವನೊಬ್ಬ ತನ್ನ ಹೆಂಡತಿಯನ್ನು, ಡಾಕ್ಟರನ್ನು, ರಸ್ತೆ ಮಾಡಿದವರನ್ನು ಒಟ್ಟಿಗೆ ಬೈಯುತ್ತ ಬೊಬ್ಬೆ ಹಾಕುತ್ತಿದ್ದ. ನನಗೆ ಅವನನ್ನು ಕಂಡು ಹೊಟ್ಟೆಕಿಚ್ಚಾಯಿತು.

ನರ್ಸಮ್ಮ ಆ ಕಡೆ ಹೋದ ಮೇಲೆ ಮಗಳು ಬೆರಳಾಡಿಸಿ ನನ್ನನ್ನು ಹತ್ತಿರ ಕರೆದಳು. ಬಗ್ಗಿ ಕಿವಿ ಕೊಟ್ಟೆ.

"ಅಮ್ಮ, ಹುಳ ಎಲ್ಲಾ ಚಂದ್ರಿಕೆಗೆ ಬಿಟ್ರಾ?"

"ಬಿಟ್ರು."

"ಹಾಳಾಗ್ಲಿಲ್ವಾ?"

"ಏನೂ ಆಗಿಲ್ಲ. ಗೂಡು ಕಟ್ತಿವೆ."

ಅವಳ ಕೆನ್ನೆಯ ಮೇಲಿನ ಆ ಗಂಟು ಒಂದು ಸಲ ಎದ್ದು ಇಳಿಯಿತು.

"ಹಂಗಾದ್ರೆ ಈಗ ಅಳಬೋದಾ?"

"ಅಳು ಕಂದ" ಎಂದೆ.

ಅವಳು ಅತ್ತಳು, ಬಾಯಿ ಮುಚ್ಚಿಕೊಂಡೇ.